ಕಟಿಂಗ್ ಮೇಜಿನ ಮೇಲಿನ ದಾರಿ

ಮನೆಯಿಂದ ಹೊರಟವರನ್ನು "ಎಲ್ಲಿಗೆ? ಯಾವಾಗ ಬರ್ತೀರಿ?" ಎಂದು ಕೇಳಬೇಕೋ ಬೇಡವೋ? ನಿಮ್ಮ ಮನೆಯಲ್ಲಿ ಏನು ಮಾಡುತ್ತೀರೋ ನನಗೆ ಗೊತ್ತಿಲ್ಲ. ಟೈಲರಕ್ಕನ ಮನೆಯಲ್ಲಿ ಮಾತ್ರ ಕೇಳುತ್ತಿರಲಿಲ್ಲ.

ಅದು ಲಾರಿ ಓಡಿಸುವವರ ಮನೆ. ಮೊದಲು ಮಾವ ಓಡಿಸಿದರು, ಈಗ ಗಂಡ ಓಡಿಸುತ್ತಾನೆ. ಇವತ್ತು ಬರುತ್ತೇನೆಂದ ಲಾರಿ ನಾಳೆ ಬರುತ್ತದೆ, ನಾಳೆ ಎಂದದ್ದು ನಾಡಿದ್ದು ಬರುತ್ತದೆ. ಟೈರು ಕೈಕೊಡುತ್ತದೆ, ಗೋದಾಮಿನ ಬಾಗಿಲು ತೆರೆದಿರುವುದಿಲ್ಲ, ಮಳೆಗೆ ರಸ್ತೆ ಕುಸಿದಿರುತ್ತದೆ. ಹಾಗಾಗಿ ಆ ಮನೆಯ ಹೆಂಗಸರು ಕೇಳುವುದನ್ನೇ ಬಿಟ್ಟಿದ್ದರು. ಅತ್ತೆಯಂತೂ ಅದನ್ನು ಮನೆಯ ಕಾನೂನೇ ಮಾಡಿಬಿಟ್ಟಿದ್ದರು. ಟೈಲರಕ್ಕ ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಬಾಯಿ ತಪ್ಪಿ ಕೇಳಿದ್ದಳು. ಅತ್ತೆ ಒಲೆಯ ಮುಂದಿನಿಂದಲೇ ಗದರಿದ್ದರು.

"ಹೊರಟವರನ್ನ ಕೇಳಬಾರದು ಕಣೇ. ಬಂದಾಗ ಬರ್ತಾನೆ."

ಅವತ್ತು ಟೈಲರಕ್ಕನ ಬಾಯಿಗೆ ಬಿದ್ದ ಬೀಗ ಮಗಳು ಕಾಲೇಜು ಮುಗಿಸುವವರೆಗೂ ತೆರೆದಿರಲಿಲ್ಲ. ಗಂಡ ಹೊರಟರೆ ತಲೆಯಾಡಿಸುವುದು, ಬಂದರೆ ಊಟಕ್ಕಿಡುವುದು. ನಡುವಿನದೆಲ್ಲ ಹೊಲಿಗೆ ಮಿಷನ್ನಿನ ಸದ್ದಿನಲ್ಲಿ ಕಳೆದುಹೋಗುತ್ತಿತ್ತು.

ಹೀಗಿರುವಾಗ ಡ್ರೈವರನ ತಲೆಗೆ ಒಂದು ಹುಳ ಹೊಕ್ಕಿತು. ಅವನು ದಿನಾ ಓಡಾಡುವ ರಸ್ತೆಯ ಪಕ್ಕದಲ್ಲೇ ಒಂದು ದೊಡ್ಡ ಬೆಟ್ಟಸಾಲು. ಒಳಗೆ ಊರಿಲ್ಲ, ಅಂಗಡಿಯಿಲ್ಲ, ರಸ್ತೆಯಿಲ್ಲ. ಬರೀ ಕಾಡು, ಹೊಳೆ, ಕಲ್ಲು.

"ಇಷ್ಟು ವರ್ಷ ಅದರ ಬುಡದಲ್ಲೇ ಹಾರ್ನ್ ಹೊಡ್ಕೊಂಡು ಓಡಾಡಿದೀನಿ. ಒಂದು ಸಲವಾದ್ರೂ ಒಳಗೆ ಹೋಗಿ ನೋಡಬೇಕು. ಈ ಕಡೆ ಹಳೇ ಸೇತುವೆ ಹತ್ರ ಹೊಕ್ಕರೆ ನಾಲ್ಕು ದಿನ ನಡೆದು ಆ ಕಡೆ ಗರಗಸದ ಮಿಲ್ ಹತ್ರ ಇಳೀಬಹುದಂತೆ," ಎಂದ ಅವನು.

"ನಾನೂ ಬರ್ತೀನಿ ಅಪ್ಪ!" ಎಂದಳು ಮಗಳು. ಪರೀಕ್ಷೆ ಮುಗಿದು ಮನೆಯಲ್ಲಿ ಕೂತು ಕೂತು ಅವಳಿಗೂ ಬೇಜಾರು ಹಿಡಿದಿತ್ತು.

ಟೈಲರಕ್ಕ ಕೈಯಲ್ಲಿದ್ದ ಹೊಲಿಗೆ ಕೆಳಗಿಟ್ಟಳು. ಗಂಡ ರಸ್ತೆಗೆ ಹೋದರೆ ಅಲ್ಲಿ ಹತ್ತು ಜನ ಇರುತ್ತಾರೆ. ಕಾಡಿನಲ್ಲಿ ಯಾರಿರುತ್ತಾರೆ? ಅದೂ ಮಗಳನ್ನು ಕಟ್ಟಿಕೊಂಡು! ಕೇಳಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ಹಾಗೇ ನುಂಗಿಕೊಂಡಳು. ಅತ್ತೆ ಅಲ್ಲೇ ಕೂತು ಬಟಾಣಿ ಬಿಡಿಸುತ್ತಿದ್ದರು.

ಮರುದಿನ ಅಂಗಡಿಗೆ ಡ್ರಿಲ್ ಟೀಚರ್ ಬಂದರು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಒಂದು ಮಿಷನ್ನು, ಬಟ್ಟೆ ಕತ್ತರಿಸುವ ಅಗಲವಾದ ಮೇಜು, ಗೋಡೆಗೆ ನೇತುಹಾಕಿದ ಅರ್ಧ ಹೊಲಿದ ಸಮವಸ್ತ್ರಗಳು. ಟೀಚರ್ ಶಾಲೆಯಲ್ಲಿ ಆಟ ಕಲಿಸುತ್ತಾರೆ. ರಜೆಯಲ್ಲಿ ಬೆಟ್ಟ ಹತ್ತುತ್ತಾರೆ. ಬೆಟ್ಟದಲ್ಲಿ ಯಾರಾದರೂ ಕಾಣೆಯಾದರೆ ಹುಡುಕಲು ಹೋಗುವ ತಂಡದಲ್ಲೂ ಇದ್ದಾರೆ. ಅವರ ಬೆನ್ನುಚೀಲದ ಸೊಂಟಪಟ್ಟಿ ಕಿತ್ತುಹೋಗಿತ್ತು.

"ಗಟ್ಟಿಯಾಗಿ ಹಾಕಿ ಟೈಲರಕ್ಕ. ಭಾರವೆಲ್ಲ ಸೊಂಟದ ಮೇಲೆ ಕೂರಬೇಕು. ಹೆಗಲ ಮೇಲೆ ಕೂತರೆ ಸಂಜೆಯೊಳಗೆ ಅಳು ಬರತ್ತೆ."

"ನಮ್ಮನೆಯವರೂ ಹೊರಟಿದಾರೆ ಟೀಚರ್," ಎಂದು ಟೈಲರಕ್ಕ ಎಲ್ಲವನ್ನೂ ಹೇಳಿದಳು.

"ಒಳ್ಳೇದೇ ಆಯ್ತಲ್ಲ. ಯಾವ ಹಾದೀಲಿ ಹೋಗ್ತಾರಂತೆ? ರಾತ್ರಿ ಎಲ್ಲೆಲ್ಲಿ ಉಳೀತಾರೆ? ಯಾವತ್ತು ವಾಪಸ್ಸು?"

ಟೈಲರಕ್ಕ ದಾರ ಕಚ್ಚಿ ತುಂಡು ಮಾಡಿದಳು. "ನಾನು ಕೇಳಿಲ್ಲ. ನಮ್ಮನೇಲಿ ಕೇಳೋ ಪದ್ಧತಿ ಇಲ್ಲ."

ಟೀಚರ್ ನಗಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತರು. "ಹೋದ ಸಲ ಒಬ್ಬರನ್ನ ಹುಡುಕೋಕೆ ಹೋದ್ವಿ. ಮನೆಯವರನ್ನ ಕೇಳಿದ್ರೆ, ಬೆಟ್ಟಕ್ಕೆ ಹೋಗಿದಾರೆ ಅಂದ್ರು ಅಷ್ಟೇ. ಬೆಟ್ಟ ಅಂದ್ರೆ ಏನು, ಹಿತ್ತಲಾ? ಉತ್ತರದ ಕಣಿವೆಯೆಲ್ಲ ಜಾಲಾಡಿದ್ವಿ. ಅವರು ಬಿದ್ದಿದ್ದು ದಕ್ಷಿಣದಲ್ಲಿ. ಜೀವ ಉಳೀತು. ಆದ್ರೆ ಗಾಯ ಕೊಳೆತು ಕಾಲಿನ ಬೆರಳು ಹೋದ್ವು. ಒಂದೇ ಒಂದು ಮಾತು ಹೇಳಿ ಹೋಗಿದ್ರೆ ಬೆರಳು ಉಳೀತಿತ್ತು ಟೈಲರಕ್ಕ."

ಆ ಮೇಲೆ ಟೈಲರಕ್ಕನಿಗೆ ಹೊಲಿಗೆ ನೇರ ಬರಲಿಲ್ಲ. ಬಿಚ್ಚಿ ಮತ್ತೆ ಹಾಕಿದಳು.

ಭಾನುವಾರ ಡ್ರೈವರ್ ಚೀಲ ತುಂಬಲು ಕೂತ. ಲಾರಿಗೆ ಲೋಡು ಹಾಕಿದ ಕೈ ಅದು, ಖಾಲಿ ಜಾಗ ಕಂಡರೆ ತಡೆಯದು. ಕಬ್ಬಿಣದ ಬಾಣಲೆ ಹೋಯಿತು. ದಪ್ಪ ಹಗ್ಗ ಹೋಯಿತು. ಡಬ್ಬಿಗಳು ಹೋದವು. ಕೊನೆಗೆ ಒಂದು ಸ್ಪಾನರ್ ಸೆಟ್ಟೂ ಹೋಯಿತು.

"ಸ್ಪಾನರ್ ಯಾಕಪ್ಪ? ನನ್ನ ಮೊಣಕಾಲು ಸಡಿಲ ಆದ್ರೆ ಬಿಗಿ ಮಾಡ್ತೀಯಾ?" ಎಂದಳು ಮಗಳು.

"ಸುಮ್ನಿರು. ದಾರೀಲಿ ಏನು ಬೇಕಾಗತ್ತೋ ಯಾರಿಗೆ ಗೊತ್ತು."

ಟೀಚರ್ ಚೀಲ ತೆಗೆದುಕೊಂಡು ಹೋಗಲು ಬಂದವರು ಬಾಗಿಲಲ್ಲೇ ನಿಂತು ನೋಡಿದರು. "ಅಣ್ಣ, ಒಂದು ಕೆಲಸ ಮಾಡಿ. ಇದನ್ನ ಹಾಕ್ಕೊಂಡು ನೀರಿನ ಟ್ಯಾಂಕ್ ದಿಬ್ಬ ಹತ್ತಿ ಇಳಿದು ಬನ್ನಿ. ನಾನು ಕಾಯ್ತೀನಿ."

ಡ್ರೈವರ್ ಮೀಸೆ ತಿರುವಿಕೊಂಡು ಹೋದ. ಬರುವಾಗ ಮೀಸೆ ಇಳಿದಿತ್ತು. ಬೆವರು ಸುರಿಸಿಕೊಂಡು ಬಂದು ಮೆಟ್ಟಿಲ ಮೇಲೆ ಕುಸಿದು ಕೂತ. ಅತ್ತೆ ಕೂಡ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕರು. ಸ್ಪಾನರು, ಬಾಣಲೆ, ಡಬ್ಬಿ ಎಲ್ಲ ಹೊರಗೆ ಬಂದವು. ಅವುಗಳ ಬದಲು ಬೆಚ್ಚನೆಯ ಬಟ್ಟೆ, ಅದನ್ನು ಒದ್ದೆಯಾಗದಂತೆ ಕಟ್ಟಿಡಲು ಪ್ಲಾಸ್ಟಿಕ್ ಚೀಲ, ಟಾರ್ಪಾಲು, ಟಾರ್ಚು, ನಾಲ್ಕು ದಿನಕ್ಕೆ ಸಾಕಾಗಿ ಇನ್ನೂ ಒಂದು ದಿನಕ್ಕೆ ಉಳಿಯುವಷ್ಟು ಬ್ರೆಡ್ಡು, ಕಡಲೆಬೀಜ, ಒಣದ್ರಾಕ್ಷಿ ಒಳಗೆ ಹೋದವು. ಟೀಚರ್ ತಮ್ಮ ಕೊರಳಿನ ಸೀಟಿಯನ್ನೇ ಬಿಚ್ಚಿ ಮಗಳ ಕೊರಳಿಗೆ ಹಾಕಿದರು.

"ಈಗ ಹೇಳಿ ಅಣ್ಣ, ಹಾದಿ ಯಾವುದು? ಟೈಲರಕ್ಕನಿಗೆ ಹೇಳಿದೀರಾ?"

"ಅವಳಿಗ್ಯಾಕೆ? ಅದೇನು ಸಿಟಿ ಬಸ್ಸಾ, ಸ್ಟಾಪು ಸ್ಟಾಪು ಹೇಳೋಕೆ? ಹೇಗೂ ಫೋನ್ ಇರತ್ತೆ ಜೇಬಲ್ಲಿ."

"ಮೊದಲನೇ ತಿರುವು ದಾಟಿದ ಮೇಲೆ ಆ ಫೋನು ಬರೀ ಗಡಿಯಾರ ಅಣ್ಣ. ಸಿಗ್ನಲ್ ಇಲ್ಲ ಅಲ್ಲಿ."

"ಬಂದಾಗ ಬರ್ತೀವಿ ಟೀಚರ್. ನಮ್ಮನೇಲಿ ಯಾರೂ ಕೇಳಲ್ಲ. ಏನಮ್ಮಾ?" ಎಂದು ಅಮ್ಮನ ಕಡೆ ತಿರುಗಿದ.

ಅತ್ತೆ ಗಂಭೀರವಾಗಿ ತಲೆಯಾಡಿಸಿದರು. "ಹೊರಡೋರನ್ನ ಕೇಳಿ ಕಾಲು ಕಟ್ಟಬಾರದು."

ಟೈಲರಕ್ಕನಿಗೆ ಎಲ್ಲಿತ್ತೋ ಸಿಟ್ಟು! ಕತ್ತರಿಯನ್ನು ಮೇಜಿನ ಮೇಲೆ ಠಪ್ಪೆಂದು ಇಟ್ಟಳು.

"ರೀ, ನಿಮ್ಮ ಲಾರೀಲಿ ಸಿಮೆಂಟು ಹಾಕಿದ್ರೆ ಮಾಲೀಕರು ದಾರಿಯುದ್ದಕ್ಕೂ ಫೋನ್ ಮಾಡ್ತಾರೆ. ಎಲ್ಲಿದೀಯ, ಯಾವ ರಸ್ತೆ, ಎಷ್ಟೊತ್ತಿಗೆ ಇಳಿಸ್ತೀಯ ಅಂತ. ನೀವೂ ಹೇಳ್ತೀರಿ. ಸಿಟ್ಟಾಗಲ್ಲ."

"ಅದು ಲೋಡು ಕಣೇ. ಅವರ ಮಾಲು. ಕೇಳ್ತಾರೆ."

"ಸಿಮೆಂಟು ಮೂಟೆ ಎಲ್ಲಿದೆ ಅಂತ ಕೇಳಬಹುದು. ನನ್ನ ಮಗಳು ಎಲ್ಲಿದಾಳೆ, ನನ್ನ ಗಂಡ ಎಲ್ಲಿದಾನೆ ಅಂತ ನಾನು ಒಂದು ಸಲ ಕೇಳಬಾರದಾ?"

ಡ್ರೈವರ್ ತಲೆ ಕೆರೆದುಕೊಂಡ. ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷ ಅವಳು ಕೇಳದೇ ಇದ್ದದ್ದಕ್ಕೆ ಅವಳಿಗೆ ಚಿಂತೆಯೇ ಇಲ್ಲವೆಂದು ಅವನು ತಿಳಿದಿದ್ದ. ಮಗಳು ಮೆಲ್ಲಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ಅಪ್ಪನ ಕೈಗಿಟ್ಟಳು.

ಅವನು ಕಟಿಂಗ್ ಮೇಜಿನ ಮೇಲೇ ಗೆರೆ ಎಳೆಯತೊಡಗಿದ. ಇಲ್ಲಿ ಹಳೇ ಸೇತುವೆ. ಹೊಳೆಯ ಎಡದಂಡೆ ಹಿಡಿದು ಎರಡು ತೊರೆ ಸೇರುವ ಜಾಗ, ಅಲ್ಲಿ ಮೊದಲ ರಾತ್ರಿ. ಬೋಳುಗುಡ್ಡದ ಈಚೆ ಎರಡನೇ ರಾತ್ರಿ. ಗುಡ್ಡ ದಾಟಿ ಕಲ್ಲಿನ ಇಳಿಜಾರಿನ ಮೇಲಿನ ಬಯಲಲ್ಲಿ ಮೂರನೆಯದು. ಮರುದಿನ ಇಳಿದರೆ ಗರಗಸದ ಮಿಲ್ಲು. ಟೀಚರ್ ಪಕ್ಕದಲ್ಲಿ ನಿಂತು ಕೇಳುತ್ತ ಹೋದರು. ಹೊಳೆ ಏರಿದ್ದರೆ? ದಾಟುವುದಿಲ್ಲ, ಬಂದ ದಾರಿಯಲ್ಲೇ ವಾಪಸ್ಸು. ಯಾರಿಗಾದರೂ ಏಟಾದರೆ? ಅವನು ತಡಬಡಾಯಿಸಿದ.

"ನಾನು ಓಡಿಹೋಗಿ ಜನ ಕರ್ಕೊಂಡು ಬರ್ತೀನಿ."

"ಇಬ್ಬರೇ ಇದೀರ ಅಣ್ಣ. ಏಟಾದವರನ್ನ ಒಂಟಿಯಾಗಿ ಬಿಟ್ಟು ಗೊತ್ತಿಲ್ಲದ ಕಾಡಲ್ಲಿ ಓಡಬೇಡಿ. ಹಾದಿ ಬಿಡಬೇಡಿ. ಟಾರ್ಪಾಲು ಕಟ್ಕೊಂಡು ಕೂತಲ್ಲೇ ಕೂತಿರಿ, ಸೀಟಿ ಊದಿ. ಹುಡುಕೋಕೆ ನಾವು ಬರ್ತೀವಿ. ಆದ್ರೆ ಬರಬೇಕು ಅಂತ ನಮಗೆ ಯಾರಾದ್ರೂ ಹೇಳಬೇಕಲ್ಲ? ಅದು ಟೈಲರಕ್ಕನ ಕೆಲಸ."

ಮಾತು ಹೀಗೆ ನಿಕ್ಕಿಯಾಯಿತು. ನಾಲ್ಕನೇ ದಿನ ಮಧ್ಯಾಹ್ನ ಮಿಲ್ಲಿನ ಹತ್ತಿರದಿಂದ ಫೋನು. ಸ್ವಲ್ಪ ತಡವಾಗಬಹುದು, ಅದಕ್ಕೆ ಬೀದಿದೀಪ ಹತ್ತುವವರೆಗೆ ಬಿಡುವು. ದೀಪ ಹತ್ತಿಯೂ ಫೋನು ಬರದಿದ್ದರೆ ಟೈಲರಕ್ಕ ಯಾರನ್ನೂ ಕೇಳದೆ ಕಾಡಿನ ಕಾವಲು ಕಚೇರಿಗೆ ಫೋನು ಮಾಡಬೇಕು. ಕಚೇರಿಯ ನಂಬರನ್ನು ಟೀಚರ್ ಗೆರೆಯ ಪಕ್ಕದಲ್ಲೇ ಬರೆದರು. ಹೊರಡುವ ಮುಂಚೆ ಡ್ರೈವರ್ ಅಲ್ಲಿಗೂ ತಿಳಿಸಿಯೇ ಹೋಗಬೇಕೆಂದರು.

"ಯಾರನ್ನೂ ಕೇಳದೆ," ಎಂದು ಟೀಚರ್ ಮತ್ತೊಮ್ಮೆ ಹೇಳಿದರು.

ಅತ್ತೆ ಮೂಗು ಮುರಿದು ಒಳಗೆ ಹೋದರು. ಆದರೆ ದಿನಾ ಬೆಳಿಗ್ಗೆ ಮೇಜು ಒರೆಸುವವರು ಅವರೇ. ಮಗ ಮೊಮ್ಮಗಳು ಹೊರಟ ಮರುದಿನ ಟೈಲರಕ್ಕ ನೋಡಿದಳು: ಮೇಜೆಲ್ಲ ಫಳಫಳ ಹೊಳೆಯುತ್ತಿತ್ತು, ಸೀಮೆಸುಣ್ಣದ ಗೆರೆಗೆ ಮಾತ್ರ ಒದ್ದೆ ಬಟ್ಟೆ ತಾಗಿರಲಿಲ್ಲ. ಟೈಲರಕ್ಕ ಮೇಜಿನ ಇನ್ನೊಂದು ತುದಿಯಲ್ಲಿ ಬಟ್ಟೆ ಹಾಸಿ ಕತ್ತರಿಸಿಕೊಂಡಳು.

ನಾಲ್ಕನೇ ದಿನ ಬಂತು. ಮಧ್ಯಾಹ್ನ ಫೋನು ಬರಲಿಲ್ಲ.

ಇಳಿಯುವುದು ತಡವಾಗಿದೆಯೇನೋ ಎಂದುಕೊಂಡಳು. ಫೋನಿನ ಚಾರ್ಜು ಮುಗಿದಿರಬೇಕು ಎಂದುಕೊಂಡಳು. ಎಡಗೈ ತೋಳನ್ನು ಬಲಕ್ಕೆ ಹೊಲಿದು ಬಿಚ್ಚಿದಳು. ಎದುರುಮನೆಯ ಗೋಡೆಯಿಂದ ಬಿಸಿಲು ಇಳಿಯಿತು. ಬಟ್ಟೆ ತೆಗೆದುಕೊಳ್ಳಲು ಬಂದವರು "ಏನ್ ಟೈಲರಕ್ಕ, ಮಂಕಾಗಿದೀರ?" ಎಂದರು. ಹೂಂ ಎಂದಳೋ ಉಹೂಂ ಎಂದಳೋ ಅವಳಿಗೇ ಗೊತ್ತಿಲ್ಲ.

ಬೀದಿದೀಪ ಹತ್ತಿತು.

ಫೋನು ಕೈಗೆತ್ತಿಕೊಂಡಳು. ಬೆರಳು ಮುಂದೆ ಹೋಗಲಿಲ್ಲ. ಹತ್ತೇ ನಿಮಿಷದಲ್ಲಿ ಅವರು ಬಂದುಬಿಟ್ಟರೆ? "ಚೂರು ತಡ ಆಗಿದ್ದಕ್ಕೆ ಊರೆಲ್ಲ ಎಬ್ಬಿಸಿದ್ಯಾ ಮಾರಾಯ್ತಿ?" ಎಂದು ಗಂಡ ಎಲ್ಲರ ಮುಂದೆ ನಕ್ಕರೆ? ಅಷ್ಟು ಜನ ಸುಮ್ಮನೆ ಕಾಡಿಗೆ ಹೊರಟು ವಾಪಸ್ಸು ಬಂದರೆ? ನಾಚಿಕೆ ಎಂಬುದು ಎಂಥ ಹೊತ್ತಿನಲ್ಲಿ ಬಂದು ಕೈ ಹಿಡಿಯುತ್ತದೆ ನೋಡಿ. ಮಗಳ ಜೀವ ಒಂದು ಕಡೆ, ನಾಲ್ಕು ಜನರ ನಗು ಇನ್ನೊಂದು ಕಡೆ, ಆದರೂ ಕೈ ತಡೆಯುತ್ತದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಈಗ ಬೇಡ ಎನ್ನುತ್ತಾರೆ ಎಂದುಕೊಂಡಳು ಟೈಲರಕ್ಕ.

"ಅತ್ತೆ, ಅವರು ಯಾವಾಗಲೂ ತಡವಾಗೇ ಬರೋದಲ್ವಾ?"

"ಹೌದು. ಅವನಪ್ಪನೂ ಹಾಗೇ." ಅತ್ತೆ ಒಳಗೆ ಬಂದು ಸ್ಟೂಲ್ ಮೇಲೆ ಕೂತರು. ದನಿ ಸಣ್ಣದಾಗಿತ್ತು. "ಒಂದ್ಸಲ ನಿಮ್ಮ ಮಾವನ ಲಾರಿ ಘಾಟಿಯಿಂದ ಕೆಳಗೆ ಇಳಿದುಬಿಡ್ತು. ಕಾಲು ಸಿಕ್ಕಾಕ್ಕೊಂಡು ಒಳಗೇ ಬಿದ್ದಿದ್ರು. ಇಲ್ಲಿ ನಾನು ಅಡುಗೆ ಮಾಡೋದು, ಮುಚ್ಚಿಡೋದು, ತಣ್ಣಗಾದ್ರೆ ಮತ್ತೆ ಬಿಸಿ ಮಾಡೋದು. ಬಂದಾಗ ಬರ್ತಾರೆ ಅಂತ. ದಾರೀಲಿ ಹೋಗೋರು ಯಾರೋ ನೋಡಿದ್ದಕ್ಕೆ ಬದುಕಿಕೊಂಡ್ರು. ಆ ಮೇಲೂ ನಾನು ಕೇಳಲಿಲ್ಲ."

"ಯಾಕೆ ಅತ್ತೆ?"

"ಹೆದರಿಕೆ ಕಣಮ್ಮ. ಕೇಳಿದ್ರೆ ಒಂದು ಹೊತ್ತು ಹೇಳ್ತಾರೆ. ಆ ಹೊತ್ತು ದಾಟಿದ್ರೆ ನಾನೇನು ಮಾಡಲಿ? ಕೇಳದೇ ಇದ್ರೆ ದಾಟೋಕೆ ಹೊತ್ತೇ ಇಲ್ಲ ನೋಡು. ಹಾಗೇ ದಿನ ತಳ್ಳಿಬಿಟ್ಟೆ. ನಿನಗೂ ಅದನ್ನೇ ಕಲಿಸಿದೆ." ಸೆರಗಿನಿಂದ ಕಣ್ಣೊರೆಸಿಕೊಂಡರು. "ನೀನು ಕೇಳಿದೀಯ. ಹೊತ್ತು ದಾಟಿದೆ. ಮಾಡು ಫೋನು. ನಗೋರು ನಗಲಿ."

ಟೈಲರಕ್ಕ ಫೋನು ಮಾಡಿದಳು.

ಆ ಕಡೆಯವರು ಒಂದೊಂದಾಗಿ ಕೇಳಿದರು. ಅವಳು ಸೀಮೆಸುಣ್ಣದ ಗೆರೆಯ ಮೇಲೆ ಬೆರಳಿಟ್ಟುಕೊಂಡು ಹೇಳಿದಳು. ಇಬ್ಬರು. ಹಳೇ ಸೇತುವೆಯಿಂದ ಹೊಕ್ಕರು. ನಿನ್ನೆ ರಾತ್ರಿ ಕಲ್ಲಿನ ಇಳಿಜಾರಿನ ಮೇಲೆ ಉಳಿಯಬೇಕಿತ್ತು. ನೀಲಿ ಟಾರ್ಪಾಲು. ಮಗಳ ಹತ್ತಿರ ಸೀಟಿ ಇದೆ. ಹಾದಿ ಬಿಡುವುದಿಲ್ಲ ಎಂದಿದ್ದಾರೆ.

"ಇಷ್ಟು ಗೊತ್ತಿದ್ರೆ ಸಾಕಮ್ಮ. ಮಿಲ್ ಕಡೆಯಿಂದಲೇ ಹತ್ತುತ್ತೀವಿ. ನೀವು ಫೋನ್ ಹತ್ರಾನೇ ಇರಿ," ಎಂದರು ಅವರು.

ಬೆಳಗಾಗುವ ಹೊತ್ತಿಗೆ ಫೋನು ಬಂತು. ಡ್ರಿಲ್ ಟೀಚರ್ ದನಿ. ಸಿಗ್ನಲ್ ಸಿಗುವ ಮಿಲ್ಲಿನ ತನಕ ಓಡಿ ಇಳಿದು ಏದುಸಿರು ಬಿಡುತ್ತಿದ್ದರು.

"ಸಿಕ್ಕಿದ್ರು ಟೈಲರಕ್ಕ. ಇಬ್ಬರೂ ಚೆನ್ನಾಗಿದಾರೆ. ಹುಡುಗಿ ಕಾಲಿಗೆ ಏಟಾಗಿದೆ, ಅಷ್ಟೇ. ನೀವೇನೂ ಗಾಬರಿ ಆಗಬೇಡಿ."

ಟೈಲರಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಬಟ್ಟೆಯ ಚೂರುಗಳ ನಡುವೆ ಕೂತು ಗಟ್ಟಿಯಾಗಿ ಅತ್ತಳು. ಅತ್ತೆ ಅವಳ ತಲೆಯನ್ನು ತಮ್ಮ ಮಡಿಲಿಗೆ ಒತ್ತಿಕೊಂಡು ತಾವೂ ಅತ್ತರು. ಆ ಮನೆಯಲ್ಲಿ ಅವರಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಮಗಳ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಡ್ರೈವರ್ ಮನೆಗೆ ಬಂದ. ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಬಂದು ಕಟಿಂಗ್ ಮೇಜಿನ ಮುಂದೆ ನಿಂತ. ಗೆರೆ ಇನ್ನೂ ಇತ್ತು. ಇಳಿಜಾರಿನ ಜಾಗದ ಮೇಲೆ ಬೆರಳಿಟ್ಟ.

"ಇಲ್ಲೇ ಕಲ್ಲು ಜಾರಿ ಇವಳ ಕಾಲು ಮುರೀತು. ಬೆಳಿಗ್ಗೆ ಹೊರಟು ಸ್ವಲ್ಪ ಹೊತ್ತಾಗಿತ್ತು. ಮಂಜು ಬೇರೆ. ಓಡಿಹೋಗಿ ಜನ ಕರ್ಕೊಂಡು ಬರೋಣ ಅಂತ ಕಾಲು ತುಡೀತಿತ್ತು ನಂದು. ಎದ್ದೂಬಿಟ್ಟಿದ್ದೆ."

"ನಾನೇ ಅಂದೆ ಅಮ್ಮ," ಎಂದಳು ಮಗಳು. "ಅಪ್ಪ, ಹೋಗಬೇಡ, ದೀಪ ಹತ್ತಿದ್ರೆ ಅಮ್ಮ ಫೋನ್ ಮಾಡೇ ಮಾಡ್ತಾಳೆ ಅಂತ."

"ಅದಕ್ಕೇ ಟಾರ್ಪಾಲು ಕಟ್ಟಿದೆ. ಇದ್ದ ಬಟ್ಟೆಯೆಲ್ಲ ಇವಳಿಗೆ ಹೊದಿಸಿದೆ. ಕೂತೆ. ಬೆಳಿಗ್ಗೆ ಇಳಿಯುವಾಗ ಕಾವಲಿನವರು ತೋರಿಸಿದ್ರು. ನಾನು ಓಡಬೇಕು ಅಂದ್ಕೊಂಡಿದ್ದ ಕಡೆ ಹತ್ತು ಮಾರು ಹೋದ್ರೆ ನೆಲವೇ ಇಲ್ಲ, ಬರೀ ಪ್ರಪಾತ. ಮಂಜಿನಲ್ಲಿ ಏನೂ ಕಾಣ್ತಿರಲಿಲ್ಲ ಕಣೇ." ಅವನು ಮೇಜಿನಿಂದ ಬೆರಳು ತೆಗೆದ. "ಜೀವಮಾನದಲ್ಲಿ ನಾನು ಒಂದು ಕಡೆ ಕೂತವನಲ್ಲ. ಅವತ್ತು ಕೂತೆ. ಇಲ್ಲೊಬ್ಬಳು ನನ್ನ ಹೊತ್ತು ನೋಡ್ತಾ ಕೂತಿದಾಳೆ ಅಂತ ಗೊತ್ತಿದ್ದಕ್ಕೆ ಕೂತೆ."

ಟೈಲರಕ್ಕ ಅವನ ತೋಳು ಹಿಡಿದುಕೊಂಡಳು.

"ಸ್ಪಾನರ್ ಇದ್ದಿದ್ರೆ ಕಾಲು ಬಿಗಿ ಮಾಡಬಹುದಿತ್ತು," ಎಂದಳು ಮಗಳು. ಎಲ್ಲರೂ ನಕ್ಕರು.

ಮುಂದಿನ ವಾರ ಡ್ರೈವರ್ ಎಂದಿನಂತೆ ಲಾರಿಗೆ ಹೊರಟ. ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದ. ಒಳಗಿನಿಂದ ದೊಡ್ಡ ದನಿ ಬಂತು.

"ಎಲ್ಲಿಗೋ? ಯಾವ ರಸ್ತೆ? ಯಾವಾಗ ಬರ್ತೀಯ?"

ಕೇಳಿದ್ದು ಟೈಲರಕ್ಕ ಅಲ್ಲ, ಅತ್ತೆ. ಡ್ರೈವರ್ ಚಪ್ಪಲಿ ಬಿಟ್ಟು ಒಳಗೆ ಬಂದು, ಸೀಮೆಸುಣ್ಣ ಹುಡುಕಿ, ಮೇಜಿನ ಮೇಲೆ ಗೆರೆ ಎಳೆದು ಅಮ್ಮನಿಗೆ ತೋರಿಸಿ ಹೋದ. ಈಗ ಅತ್ತೆ ಹಾಲಿನವನನ್ನೂ ಬಿಡುವುದಿಲ್ಲ. ಪಾಪ, ಅವನು ಪಕ್ಕದ ಮನೆಗೆ ಹೋಗುವುದಕ್ಕೂ ಹೇಳಿ ಹೋಗಬೇಕು!

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕಾಡು ಬೆಟ್ಟ ನೋಡುವ ಆಸೆ ಒಳ್ಳೆಯದು. ಹೋಗಿ ಬನ್ನಿ. ತುಂಬಿದ ಚೀಲ ಹೊತ್ತು ಮೊದಲು ನಿಮ್ಮೂರಿನ ದಿಬ್ಬವನ್ನೇ ಒಮ್ಮೆ ಹತ್ತಿ ನೋಡಿ. ಯಾವ ಹಾದಿ, ಎಲ್ಲಿ ರಾತ್ರಿ ಉಳಿಯುತ್ತೀರಿ, ಯಾವತ್ತು ವಾಪಸ್ಸು ಎಂಬುದನ್ನು ಮನೆಯಲ್ಲಿ ಒಬ್ಬರಿಗೆ ಹೇಳಿ, ಕಾಡಿನ ಕಾವಲಿನವರಿಗೂ ತಿಳಿಸಿ. ಹೇಳಿದ ಹಾದಿ ಬಿಡಬೇಡಿ. ಏಟಾದರೆ ಒಬ್ಬರನ್ನೊಬ್ಬರು ಬಿಟ್ಟು ಓಡಬೇಡಿ. ಕ್ಷೇಮವಾಗಿ ಇಳಿದ ಕೂಡಲೇ ಮೊದಲ ಫೋನು ಮನೆಗೇ ಮಾಡಿ.

ಮನೆಯಲ್ಲಿ ಉಳಿಯುವವರಿಗೂ ಒಂದು ಮಾತು. ಗೊತ್ತು ಮಾಡಿದ ಹೊತ್ತು ದಾಟಿದರೆ ನಾಚಿಕೆಪಡಬೇಡಿ, ಫೋನು ಮಾಡಿ. ಸುಮ್ಮನೆ ಗಾಬರಿಯಾದೆ ಎಂದು ಆಮೇಲೆ ಗೊತ್ತಾದರೆ ಎಲ್ಲರೂ ಕೂತು ನಗಬಹುದು. ನಗುವುದಕ್ಕೆ ಎಲ್ಲರೂ ಇರುತ್ತಾರಲ್ಲ, ಅದೇ ದೊಡ್ಡದು.

ಇವತ್ತು ನಿಮ್ಮ ಮನೆಯಿಂದ ಯಾರು ಹೊರಟಿದ್ದಾರೆ? ಬಾಗಿಲು ದಾಟುವ ಮುಂಚೆ ಕೇಳಿ.